ಗೋಣಿಬೀಡಿನ ಉಂಗುರದಂಗಿ

ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಶಿರಸ್ತ್ರಾಣ, ಎರಡು ಎದೆಕವಚ, ಐದು ಗುರಾಣಿ ಮತ್ತು ಒಂದು ಜೊತೆ ತೋಳುಕವಚ ಇವೆ. ಒಂದೂ ಅಸಲಿ ಅಲ್ಲ. ಹಳೆಯ ಕಾಲದವನ್ನು ನೋಡಿಕೊಂಡು ಈ ಕಾಲದಲ್ಲಿ, ಗೋಡೆಗೆ ತೂಗುಹಾಕಲೆಂದೇ ಮಾಡಿದವು. ಅಸಲಿ ತಂದುಕೊಡುತ್ತೇನೆ ಎಂದವರೂ ಇದ್ದಾರೆ, ನನಗೆ ಬೇಡ ಎಂದಿದ್ದೇನೆ. ಅಸಲಿಯೊಳಗೆ ಯಾರೋ ಬೆವರಿರುತ್ತಾರೆ, ಯಾರೋ ಸತ್ತಿರುತ್ತಾರೆ. ಅದರ ಪಕ್ಕ ಕೂತು ಕಡುಬು ತಿನ್ನುವುದು ನನ್ನಿಂದಾಗದು.

ಈ ಹುಚ್ಚು ಹಿಡಿದದ್ದು ಮೂಡಿಗೆರೆ ಕಡೆಯ ಒಂದು ಹಳೆಯ ಬಂಗಲೆಯಲ್ಲಿ. ಎಸ್ಟೇಟು ಕೈ ಬದಲಾಗಿತ್ತು, ಹೊಸಬರು ಒಳಗಿದ್ದ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ ಮಾರುತ್ತಿದ್ದರು. ನಮ್ಮ ಕಡೆಯ ಪ್ಲಾಂಟರುಗಳೆಲ್ಲ ಬೀಟೆ ಮರದ ಮಂಚ, ಗಡಿಯಾರ, ಪಿಂಗಾಣಿ ತಟ್ಟೆಗಳ ಸುತ್ತ ಮುತ್ತಿಕೊಂಡಿದ್ದರು. ಮೆಟ್ಟಿಲ ಕೆಳಗೆ ಒಂದು ಎದೆಕವಚ ಒರಗಿತ್ತು. ಮುಂದೆ ಬಳ್ಳಿ, ಹೂವು, ಎರಡು ಸಿಂಹ. ಹಿಂದೆ ತಿರುಗಿಸಿದರೆ ಬರೀ ತಗಡು, ಮೂಲೆಯಲ್ಲಿ ಕಾರ್ಖಾನೆಯ ಚೀಟಿಯ ಅಂಟು. ಯಾರನ್ನೂ ಕಾಯಲಾರದ ಕವಚ ಇಷ್ಟು ಜಂಬದಿಂದ ಎದೆಯುಬ್ಬಿಸಿ ನಿಂತದ್ದು ನನಗೆ ಬಹಳ ಹಿಡಿಸಿತು. ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೆ. "ಯಾರ ಮೇಲೆ ಯುದ್ಧ ಮಾರಾಯ್ತಿ, ಕಾಡುಹಂದಿ ಮೇಲಾ?" ಎಂದು ನನ್ನ ಗಂಡ ಕೇಳಿದರು. ಆಮೇಲೆ ಅವರೇ ಮೊಳೆ ಹೊಡೆದುಕೊಟ್ಟರು.

ಒಂದಕ್ಕೆ ಇನ್ನೊಂದು ಸೇರಿತು. ಉತ್ತರದ ಊರುಗಳಲ್ಲಿ ಇಂಥವನ್ನೇ ಮಾಡುವವರಿದ್ದಾರೆ, ಪಾರ್ಸೆಲ್ಲಿನಲ್ಲಿ ಬರುತ್ತವೆ. ಮಳೆಗಾಲದಲ್ಲಿ ಅವುಗಳ ಚಾಕರಿ ಮಗುವಿನ ಚಾಕರಿಗಿಂತ ಹೆಚ್ಚು. ಚರ್ಮದ ಪಟ್ಟಿಗೆ ಬೂಸ್ಟು ಬರುತ್ತದೆ, ತಗಡಿಗೆ ತುಕ್ಕು ಬರುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಧೂಳು ಹಿಡಿಯುತ್ತದೆ, ಬಿಟ್ಟರೆ ಕೆಂಪಾಗುತ್ತದೆ. ಜೂನ್ ಬಂತೆಂದರೆ ಎಲ್ಲವನ್ನೂ ಇಳಿಸಿ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಸಾಗಿಸುತ್ತೇನೆ. ಮೂರು ತಿಂಗಳು ಸಿಂಹಗಳು ಹೊಗೆ ಕುಡಿಯುತ್ತವೆ.

ಒಂದು ವರ್ಷ ಆ ಬಂಗಲೆಯ ಕವಚದ ಭುಜದ ಕೊಂಡಿ ಕಿತ್ತುಹೋಯಿತು. ಗೋಣಿಬೀಡಿನಲ್ಲಿ ಬಸ್ಸು ನಿಲ್ಲುವಲ್ಲಿಂದ ಕೂಗಳತೆಯಲ್ಲಿ ಒಬ್ಬರು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ, ಅವರ ಹತ್ತಿರ ಒಯ್ದೆ. ಸ್ಪ್ರೇಯರು, ಗೇಟು, ಟ್ರೇಲರು ಎಲ್ಲ ರಿಪೇರಿ ಮಾಡುತ್ತಾರೆ, ಆದರೆ ಅವರು ಹೆಸರಾದದ್ದು ಪಲ್ಪರಿನ ಕೆಲಸಕ್ಕೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರದೊಳಗೆ ತಾಮ್ರದ ಹಾಳೆ ಸುತ್ತಿದ ಡ್ರಮ್ಮೊಂದು ತಿರುಗುತ್ತದೆ. ಹಾಳೆಯ ಮೈತುಂಬ ಸಣ್ಣ ಸಣ್ಣ ಉಬ್ಬುಗಳು. ಉಬ್ಬು ಸವೆದರೆ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಬೀಜ ಗಾಯವಾಗುತ್ತದೆ. ಎಲ್ಲರೂ ಹೊಸ ಹಾಳೆ ತರಿಸಿಕೊಳ್ಳುವ ಕಾಲದಲ್ಲಿ ಇವರು ಹಳೆಯದನ್ನೇ ಬಿಚ್ಚಿ, ಒಂದೊಂದೇ ಉಬ್ಬನ್ನು ಒಳಗಿಂದ ಬಡಿದು ಎಬ್ಬಿಸಿ ಕೊಡುತ್ತಿದ್ದರು.

ಕವಚವನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿ, ಇದು ಅಚ್ಚಿನಲ್ಲಿ ಒತ್ತಿದ್ದು, ಬಡಿದದ್ದಲ್ಲ ಎಂದರು. ಸಿಂಹದ ಮೂಗು ನೋಡಿ, ಬಡಿದಿದ್ದರೆ ಹೀಗೆ ಚಪ್ಪಟೆಯಾಗುತ್ತಿರಲಿಲ್ಲ ಎಂದರು. ನನಗೆ ಸಿಟ್ಟು ಬಂತು. ಅಷ್ಟು ಗೊತ್ತಿದ್ದರೆ ನೀವೇ ಒಂದು ಮಾಡಿ ತೋರಿಸಿ ಎಂದುಬಿಟ್ಟೆ. ನನ್ನ ಬಾಯಿ ಹಾಗೆಯೇ, ಮೊದಲು ಹೊರಡುತ್ತದೆ, ನಾನು ಆಮೇಲೆ ಹಿಂಬಾಲಿಸುತ್ತೇನೆ.

ಎರಡು ತಿಂಗಳ ಮೇಲೆ ಅವರು ಒಂದು ಶಿರಸ್ತ್ರಾಣ ತಂದರು. ಈಗ ಮನೆಯಲ್ಲಿರುವ ಮೂರರಲ್ಲಿ ಅದೂ ಒಂದು. ಫೋನಿನಲ್ಲಿ ನಾನು ಕಳಿಸಿದ ಚಿತ್ರ ನೋಡಿಕೊಂಡು ಮಾಡಿದ್ದು. ಪಾರ್ಸೆಲ್ಲಿನಲ್ಲಿ ಬಂದ ಉಳಿದೆರಡು ಅದರ ಪಕ್ಕದಲ್ಲಿ ಪಾತ್ರೆ ಅಂಗಡಿಯ ಮಾಲಿನ ಹಾಗೆ ಕಾಣತೊಡಗಿದವು.

ಆಮೇಲೆ ಅವರು ಉಂಗುರದಂಗಿಗೆ ಕೈ ಹಾಕಿದರು. ಕಬ್ಬಿಣದ ಉಂಗುರಗಳನ್ನು ಒಂದರೊಳಗೊಂದು ಪೋಣಿಸಿ ಮಾಡುವ, ತೊಟ್ಟರೆ ಬಟ್ಟೆಯಂತೆ ಜೋಲುವ ಅಂಗಿ. ಹಿಂದೆ ಸೈನಿಕರು ತೊಡುತ್ತಿದ್ದದ್ದು. ನಾನು ಕೇಳಿರಲಿಲ್ಲ, ಅವರೇ ಚಿತ್ರದಲ್ಲಿ ನೋಡಿ ಹಟ ಹಿಡಿದರು. ಕಬ್ಬಿಣದ ತಂತಿಯನ್ನು ಉಜ್ಜಿ ಬೆಳಗಿ, ಸರಳಿಗೆ ಸುತ್ತಿ, ಕತ್ತರಿಸಿ, ಪ್ರತಿ ಉಂಗುರವನ್ನೂ ನಾಲ್ಕರೊಳಗೆ ತೂರಿಸಿ, ತುದಿಗಳನ್ನು ಚಪ್ಪಟೆ ಮಾಡಿ ಬೆಸೆಯಬೇಕು. ಎಸ್ಟೇಟುಗಳಲ್ಲಿ ರಿಪೇರಿ ಕೆಲಸ ಇಲ್ಲದ ಎರಡು ಮಳೆಗಾಲ ಅವರು ಅದನ್ನೇ ಮಾಡಿದರು. ಆ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಎಡಗಣ್ಣು ಹೋದ ಹಾಗೆಯೇ ಲೆಕ್ಕ, ಬಲಗಣ್ಣನ್ನಾದರೂ ಜೋಪಾನ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಕೊನೆಕೊನೆಗೆ ಬೆರಳಿನ ತುದಿಯಿಂದಲೇ ಉಂಗುರದ ಬಾಯಿ ಹುಡುಕುತ್ತಿದ್ದರು. ನಿಲ್ಲಿಸಿ ಎಂದು ಅವರ ಹೆಂಡತಿಯೂ ಹೇಳಿದರು, ನಾನೂ ಹೇಳಿದೆ. ನಾನು ಹೇಳಿದ್ದು ಮಾತ್ರ ಬಾಯಿಮಾತಿಗೆ.

ಅವರಿಗೆ ಬೇಕಾಗಿದ್ದದ್ದು ಒಂದೇ. ಜನವರಿಯಲ್ಲಿ ಮೂಡಿಗೆರೆಯಲ್ಲಿ ಬೆಳೆಗಾರರ ಸಭೆಯೊಂದು ನಡೆಯುವುದಿತ್ತು. ಅದರ ಜೊತೆಗೆ ಒಂದು ಪ್ರದರ್ಶನ. ಸಂಘಟಿಸುವವರು ನನಗೆ ಗುರುತಿನವರು. ಇವರಿಗೊಂದು ಮೇಜು ಕೊಡಿ, ಮುಂದೆ ಹೆಸರಿನ ಚೀಟಿ ಇಡಿ ಎಂದು ಹೇಳಿ ಒಪ್ಪಿಸಿದ್ದೆ. ಆ ಸುದ್ದಿ ತಿಳಿಸಲು ಅಂಗಡಿಗೆ ಹೋದಾಗ ಅವರು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: "ಒಂದ್ಸಲ ನಾಕು ಜನ ನೋಡ್ಲಿ ಅಕ್ಕ. ನಾನು ಬರೀ ರಿಪೇರಿಯವ ಅಲ್ಲ, ಮಾಡೋನೂ ಹೌದು ಅಂತ ಗೊತ್ತಾಗ್ಲಿ. ಇನ್ನೊಂದು ಅಂಗಿ ಮಾಡಕ್ಕೆ ಈ ಕಣ್ಣು ಬಿಡಲ್ಲ."

ಆ ದೀಪಾವಳಿ ರಜೆಯಲ್ಲಿ ನಮ್ಮ ಮನೆಗೆ ನನ್ನ ಗಂಡನ ಸ್ನೇಹಿತರ ಕಡೆಯ ಒಬ್ಬರು ಬಂದು ಉಳಿದಿದ್ದರು. ಹಳೆಯ ವಸ್ತುಗಳನ್ನು ಕೊಂಡು ಮಾರುವವರು. ಅಳತೆ ನೋಡಲೆಂದು ವೆಲ್ಡರು ಅಂಗಿಯನ್ನು ಅದೇ ದಿನ ತಂದಿದ್ದರು, ಇನ್ನೂ ಒಂದು ತೋಳು ಬಾಕಿಯಿತ್ತು. ಅತಿಥಿ ಅದನ್ನು ಕೈಯಲ್ಲಿ ತೂಗಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಳಪೊಂದು ಇಲ್ಲದಿದ್ದರೆ ಇದನ್ನು ಹಳೆಯದಲ್ಲ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ, ಕಪ್ಪಾದ ಮೇಲೆ ನನಗೆ ತಿಳಿಸಿ ಎಂದರು. ವೆಲ್ಡರು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. ನಾನು ಮಾರುವುದಕ್ಕಲ್ಲ ಎಂದೆ. ಆದರೆ ಆ ಹೊಳಪಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಂಗಿ ಮುಗಿದಾಗ ನಿಜಕ್ಕೂ ಹೊಳೆಯುತ್ತಿತ್ತು. ನನಗದು ಅಂಗಡಿಯ ಮಾಲಿನಂತೆ ಕಂಡಿತು. ಕಪ್ಪು ಮಾಡೋಣ ಎಂದೆ. ಅವರು ಒಪ್ಪಲಿಲ್ಲ. "ಹೊಸ್ತು ಹೊಸ್ತರ ಹಂಗೇ ಇರ್ಲಿ ಅಕ್ಕ" ಎಂದರು. ಕುತ್ತಿಗೆಗೆ ಚರ್ಮದ ಪಟ್ಟಿ ಹೊಲಿಸಬೇಕಿತ್ತು. ಚಿಕ್ಕಮಗಳೂರಿನಲ್ಲಿ ಬೆಲ್ಟು ಮಾಡುವವರೊಬ್ಬರಿದ್ದಾರೆ, ಅವರ ಕೈಯಲ್ಲಿ ಮಾಡಿಸಿ ತರುತ್ತೇನೆ ಎಂದು ಅಂಗಿಯನ್ನು ಮನೆಗೆ ತಂದೆ.

ಕಾಫಿಯವರಿಗೆಲ್ಲ ಗೊತ್ತಿರುವ ಒಂದು ವಿಷಯವಿದೆ. ಹಸಿ ಹಣ್ಣಿನ ಸಿಪ್ಪೆಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಪಲ್ಪಿಂಗ್ ಕಾಲದಲ್ಲಿ ಸಲಿಕೆ, ಬಕೇಟಿನ ಹಿಡಿ, ಬಾಗಿಲ ಚಿಲಕ ಎಲ್ಲ ನೀಲಿಗಪ್ಪು ತಿರುಗಿರುತ್ತವೆ. ಆ ಬಣ್ಣವನ್ನು ಯಾವ ಪಾಲಿಶ್ ಡಬ್ಬಿಯೂ ಕೊಡಲಾರದು. ಮೊದಲು ಒಂದು ಹಳೆ ಕತ್ತಿಯನ್ನು ಸಿಪ್ಪೆಯ ರಾಶಿಯಲ್ಲಿ ಎರಡು ದಿನ ಹುಗಿದು ನೋಡಿದೆ. ಇನ್ನೂರು ವರ್ಷ ನೆಲದಡಿ ಇದ್ದದ್ದರ ಹಾಗೆ ಎದ್ದು ಬಂತು. ಇನ್ನೇನು ಬೇಕು. ಅಂಗಿಯನ್ನು ಗೋಣಿಚೀಲದಲ್ಲಿ ಸುತ್ತಿ ಅವತ್ತು ಬಿದ್ದ ಹೊಸ ಸಿಪ್ಪೆಯ ರಾಶಿಯ ಮಧ್ಯೆ ಇಟ್ಟೆ. ಎರಡು ದಿನ ಸಾಕು, ಆಮೇಲೆ ತೊಳೆದು, ಪಟ್ಟಿ ಹೊಲಿಸಿ, ಪ್ರದರ್ಶನದ ಬೆಳಿಗ್ಗೆ ಅವರಿಗೆ ತೋರಿಸಿದರೆ ಬೈಯುವುದನ್ನು ಮರೆತು ನಿಂತುಬಿಡುತ್ತಾರೆ ಎಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಮಳೆ ಬಂತು. ಜನವರಿಯಲ್ಲಿ ಬರಬಾರದ ಮಳೆ, ಈಗೀಗ ಬರುತ್ತದೆ. ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು. ಸಿಪ್ಪೆ ಬಿಡಿಸಿ ತೊಳೆದ ಬೀಜ ಒಣಗುವ ಮುನ್ನ ನೆನೆದರೆ ಇಡೀ ವರ್ಷದ ಕೆಲಸ ಮುಗ್ಗಲು ವಾಸನೆ ಹೊಡೆಯುತ್ತದೆ. ಮನೆಯವರು, ಆಳುಗಳು, ಅಡುಗೆಯವಳು ಎಲ್ಲರೂ ಸೇರಿ ರಾಶಿ ಮಾಡಿದೆವು, ಟಾರ್ಪಾಲು ಎಳೆದೆವು, ಬಿಸಿಲು ಕಂಡಾಗ ಬಿಚ್ಚಿದೆವು, ಮೋಡ ಕಂಡಾಗ ಮತ್ತೆ ಮುಚ್ಚಿದೆವು. ಮೂರು ದಿನ ಇದೇ ಕುಣಿತ. ಅಂಗಿ ನೆನಪಿಗೇ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸಿಪ್ಪೆಯ ಜಾಗಕ್ಕೆ ಹೋದರೆ ನೆಲ ಗುಡಿಸಿದ ಹಾಗಿತ್ತು. ಮೇಸ್ತ್ರಿಯನ್ನು ಕರೆದು, ಸಿಪ್ಪೆ ಎಲ್ಲಿ ಎಂದು ಸುಮ್ಮನೆ ಕೇಳುವವಳಂತೆ ಕೇಳಿದೆ. ಮಳೆಯಲ್ಲಿ ಹಣ್ಣು ಕೊಯ್ಯಲು ಆಗಲಿಲ್ಲವಲ್ಲ, ಕೊಯ್ಲಿನ ಆಳುಗಳು ಸುಮ್ಮನೆ ಕೂರುವುದು ಬೇಡವೆಂದು ಎಲ್ಲವನ್ನೂ ಗೊಬ್ಬರದ ಗುಂಡಿಗಳಿಗೆ ತುಂಬಿಸಿದೆ ಎಂದು ಆತ ಹೆಮ್ಮೆಯಿಂದ ಹೇಳಿದ. ಸಗಣಿ, ಸುಣ್ಣ, ತರಗು ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ ಮುಚ್ಚಿದ್ದಾಗಿತ್ತು. ನೆನೆದ ಸಿಪ್ಪೆಯ ಭಾರದಲ್ಲಿ ಗೋಣಿಚೀಲದ ಭಾರ ಯಾರಿಗೂ ತಿಳಿದಿರಲಿಲ್ಲ. ಮೂರು ಗುಂಡಿ, ಯಾವುದಕ್ಕೆ ಯಾವ ಬುಟ್ಟಿ ಹೋಯಿತೋ ದೇವರಿಗೇ ಗೊತ್ತು. ಸಿಪ್ಪೆ ಎರಡು ದಿನಕ್ಕಿಂತ ಹೆಚ್ಚು ಹೊರಗಿದ್ದರೆ ನೊಣ ಬರುತ್ತದೆ, ಹಳ್ಳದ ನೀರು ಕೆಡುತ್ತದೆ ಎಂದು ಎರಡು ವರ್ಷದ ಹಿಂದೆ ಕೂಗಾಡಿ ಈ ಕಾನೂನು ಮಾಡಿದವಳು ನಾನೇ. ಏನಾದರೂ ಬಿದ್ದುಹೋಗಿತ್ತಾ ಅಮ್ಮಾವ್ರೆ ಎಂದು ಆತ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಏನಿಲ್ಲ, ಏನಿಲ್ಲ ಎಂದು ಎರಡು ಸಲ ಹೇಳಿದೆ.

ಅವತ್ತೇ ಮೂರೂ ಗುಂಡಿ ತೆಗೆಸಬಹುದಿತ್ತು. ಹತ್ತು ಆಳು, ಒಂದು ದಿನದ ಕೆಲಸ. ಆದರೆ ಏಕೆ ಎಂದು ಹೇಳಬೇಕಾಗುತ್ತಿತ್ತು. ಬೇಡ ಎಂದ ಮನುಷ್ಯನ ಎರಡು ಮಳೆಗಾಲದ ಕೆಲಸವನ್ನು ಕದ್ದು ಸಿಪ್ಪೆಯಲ್ಲಿ ಹುಗಿದೆ ಎಂದು ಆಳುಗಳ ಮುಂದೆ, ಗಂಡನ ಮುಂದೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ನಾಚಿಕೆ ಎನ್ನುವುದಕ್ಕಿಂತ ಅದು ಅಹಂಕಾರ. ಈಗ ಬರೆಯುವಾಗ ಅದನ್ನು ಬೇರೆ ಹೆಸರಿನಿಂದ ಕರೆಯಬೇಕಾಗಿಲ್ಲ.

ಶುಕ್ರವಾರ ವೆಲ್ಡರು ಬಂದರು. ಭಾನುವಾರ ಪ್ರದರ್ಶನ. ಪಟ್ಟಿ ಹೊಲಿದಾಯಿತಾ ಎಂದು ಕೇಳಿದರು. ಬೆಲ್ಟಿನವರ ಹತ್ತಿರವೇ ಇದೆ, ಅವರಿಗೆ ಹುಷಾರಿಲ್ಲವಂತೆ, ಈ ಭಾನುವಾರಕ್ಕೆ ಸಿಗುವುದಿಲ್ಲ ಎಂದೆ. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವರು ನನ್ನ ಮುಖವನ್ನು ಬಲಗಣ್ಣಿನಿಂದ ಸ್ವಲ್ಪ ಹೊತ್ತು ನೋಡಿದರು. ಆಯ್ತು ಅಕ್ಕ ಎಂದು ಹೇಳಿ ಕಾಫಿ ಕುಡಿಯದೆ ಹೋದರು.

ಭಾನುವಾರ ಮೂಡಿಗೆರೆಯಲ್ಲಿ ಅವರ ಮೇಜನ್ನು ಜೇನು ಮಾರುವವರಿಗೆ ಕೊಟ್ಟಿದ್ದರು. ವೆಲ್ಡರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು, ಅದಕ್ಕೆಂದೇ ಹೊಲಿಸಿದ್ದ ಹೊಸ ಬಿಳಿ ಅಂಗಿ ಹಾಕಿಕೊಂಡು. ಜೇನಿನ ಬಾಟಲಿಗಳ ಪಕ್ಕ ನಿಂತು ಹೋಗಿಬರುವವರ ಹತ್ತಿರ ಮಾತಾಡಿದರು, ಊಟ ಮಾಡಿದರು, ನಗುತ್ತಿದ್ದರು. ನಾನು ಹತ್ತಿರ ಹೋಗಿ ಏನೋ ತೊದಲಿದ್ದಕ್ಕೆ, ಇರಲಿ ಬಿಡಿ ಅಕ್ಕ, ಅದೇನು ದೊಡ್ಡ ವಿಷಯ ಎಂದರು. ಇಷ್ಟೇ ತಾನೇ, ನಾನು ಸುಮ್ಮನೆ ಹೆದರಿದ್ದೆ ಎಂದು ಮನಸ್ಸು ಹಗುರವಾಯಿತು. ಮನುಷ್ಯ ತನಗೆ ಅನುಕೂಲವಾದದ್ದನ್ನು ಬಹಳ ಬೇಗ ನಂಬುತ್ತಾನೆ.

ಮಾರ್ಚ್ ಕೊನೆಯಲ್ಲಿ ಗೊಬ್ಬರ ಮಗುಚುವ ಕೆಲಸ ಬಂತು. ಎರಡನೆಯ ಗುಂಡಿಯಲ್ಲಿ ಅದು ಸಿಕ್ಕಿತು. ಹೆಣ್ಣಾಳೊಬ್ಬಳು ಗುದ್ದಲಿಗೆ ಏನೋ ತಾಗಿತು ಎಂದು ಎತ್ತಿ ತಂದಳು. ಗೋಣಿಚೀಲ ಕರಗಿಹೋಗಿತ್ತು. ಒಳಗಿದ್ದದ್ದು ಅಂಗಿಯಾಗಿರಲಿಲ್ಲ. ಸುಟ್ಟ ರಾಗಿಮುದ್ದೆಯ ಹಾಗೆ ಒಂದು ಗಟ್ಟಿ ಗಂಟು. ಎರಡು ದಿನಕ್ಕೆ ಬಣ್ಣ ಕೊಡುವ ಸಿಪ್ಪೆಯ ಹುಳಿ ಎರಡು ತಿಂಗಳಿಗೆ ಕಬ್ಬಿಣವನ್ನೇ ತಿಂದಿತ್ತು. ತೊಳೆದು ಬಿಡಿಸಲು ನೋಡಿದರೆ ಉಂಗುರಗಳು ಚಕ್ಕುಲಿಯಂತೆ ಮುರಿದವು. ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಗಂಡನಿಗೆ ಅವತ್ತೇ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. ಹೋಗಿ ಹೇಳಿ ಬಾ ಎಂದರು.

ಮಾರನೆಯ ದಿನ ಹತ್ತು ಗಂಟೆಗೆ ಗಂಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೋಣಿಬೀಡಿಗೆ ಹೋದೆ. ಅಂಗಡಿಯ ಹಿಂದೆಯೇ ಅವರ ಮನೆ. ಅವರು ಒಂದು ಪಲ್ಪರಿನ ಹಾಳೆ ಹರಡಿಕೊಂಡು ಕೂತಿದ್ದರು. ನಾನು ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಕತ್ತಿಯಲ್ಲಿ ನೋಡಿದ್ದು, ಮಳೆ, ಗುಂಡಿ, ತೆಗೆಸಬಹುದಿದ್ದೂ ತೆಗೆಸದೆ ಇದ್ದದ್ದು. ಅವರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸುತ್ತಲೂ ತಡವಿದರು. ಒಂದು ಉಂಗುರವನ್ನು ಚಿವುಟಿದರು, ಪುಡಿಯಾಯಿತು. ಆ ಪುಡಿಯನ್ನು ಬಹಳ ಹೊತ್ತು ಬೆರಳಿನಲ್ಲಿ ತಿಕ್ಕುತ್ತಿದ್ದರು.

ನಾನು ಸುಳ್ಳು ಹೇಳಿದ್ದು ಅವರಿಗೆ ಜನವರಿಯಲ್ಲೇ ಗೊತ್ತಿತ್ತು. ಹೇಗಾದರೂ ಮಾಡಿ ಭಾನುವಾರಕ್ಕೆ ತಂದುಬಿಡೋಣವೆಂದು ಶನಿವಾರ ಮೊದಲ ಬಸ್ಸಿಗೆ ಅವರೇ ಚಿಕ್ಕಮಗಳೂರಿಗೆ ಹೋಗಿದ್ದರಂತೆ. ಬೆಲ್ಟಿನವರು ಗಟ್ಟಿಮುಟ್ಟಾಗಿ ಅಂಗಡಿಯಲ್ಲಿ ಕೂತಿದ್ದರು, ಅಂಥ ಅಂಗಿಯನ್ನು ತಾವು ಕಂಡೇ ಇಲ್ಲ ಎಂದರಂತೆ. ವಾಪಸು ಬರುವ ಬಸ್ಸಿನಲ್ಲಿ ಮೊದಲು ಸಿಟ್ಟು ಬಂತಂತೆ. ಆಮೇಲೆ ದೀಪಾವಳಿಯ ಅತಿಥಿ ನೆನಪಾದರಂತೆ.

"ನೀವು ಅದನ್ನ ಅವ್ರಿಗೆ ಕೊಟ್ಟಿದೀರಿ ಅಂದ್ಕಂಡೆ" ಎಂದರು. "ಹಳೇದು ಅಂತ ಹೇಳಿ ಕೊಟ್ಟಿರ್ಬೇಕು, ಅದ್ಕೇ ನನ್ ಹತ್ರ ಹೇಳಕ್ಕೆ ಸಂಕೋಚ ಅಂದ್ಕಂಡೆ. ಬೇಜಾರಾಗ್ಲಿಲ್ಲ ಅಕ್ಕ. ನಾನು ಮಾಡಿದ್ದು ಅಸಲಿ ಅಂತ ಗಾಜಿನ ಪೆಟ್ಟಿಗೇಲಿ ಇಟ್ಟಿರ್ತಾರೆ, ತಿಳಿದೋರು ಬಂದು ನೋಡ್ತಿರ್ತಾರೆ ಅಂತ ಖುಷೀನೇ ಆಯ್ತು. ಮನೇಲಿ ಅವ್ಳಿಗೂ ಹಂಗೇ ಹೇಳ್ದೆ."

ಮೂಡಿಗೆರೆಯಲ್ಲಿ ಅವರು ಏಕೆ ನಗುತ್ತಿದ್ದರು ಎಂದು ಆಗ ನನಗೆ ತಿಳಿಯಿತು. ನಾನು ಬಂದದ್ದು ನನ್ನ ಹೊರೆ ಇಳಿಸಿಕೊಳ್ಳಲು. ಎರಡು ತಿಂಗಳು ಅವರು ಸುಖವಾಗಿ ಇಟ್ಟುಕೊಂಡಿದ್ದದ್ದನ್ನು ಅರ್ಧ ಗಂಟೆಯಲ್ಲಿ ಕಿತ್ತುಕೊಂಡಿದ್ದೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಬಾಗಿಲು ಸರಿಯಿತು. ಅವರು ಗಂಟನ್ನು ತೊಡೆಯಿಂದ ಇಳಿಸಿ, ಕಾಲಿನಿಂದ ಮೇಜಿನಡಿಗೆ ತಳ್ಳಿ, ಮೇಲೆ ಒಂದು ಖಾಲಿ ಚೀಲ ಎಳೆದರು.

ಅವರ ಹೆಂಡತಿ ಎರಡು ಲೋಟ ಕಾಫಿ ತಂದಿದ್ದರು. ಒಂದನ್ನು ನನ್ನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತರು.

"ನಿಮ್ಮನ್ನ ಕೇಳ್ಬೇಕು ಅಂತಿದ್ದೆ ಅಕ್ಕ. ಆ ಅಂಗಿ ಇಟ್ಕಂಡಿರೋರ ಮನೆ ದೂರನಾ? ಇವ್ರಿಗೆ ಈ ಒಂದು ಕಣ್ಣು ಇರೋವಾಗ್ಲೇ ಒಂದ್ಸಲ ಕರ್ಕಂಡು ಹೋಗಿ ತೋರಿಸ್ಬಹುದಾ ಅಂತ."

ನಾನು ವೆಲ್ಡರ ಕಡೆ ನೋಡಿದೆ. ಅವರು ತಾಮ್ರದ ಹಾಳೆಯ ಮೇಲೆ ಬಗ್ಗಿ, ಸುತ್ತಿಗೆ ಎತ್ತದೆ, ನನ್ನ ಮಾತಿಗೆ ಕಾಯುತ್ತಿದ್ದರು.

"ದೂರ" ಎಂದೆ. "ದೊಡ್ಡ ಮನೆ. ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ. ನಾನು ಅವ್ರನ್ನ ಒಂದು ಮಾತು ಕೇಳಿ ನೋಡ್ತೀನಿ."

ಹಾಳೆಯ ಮೇಲೆ ಸುತ್ತಿಗೆ ಬೀಳತೊಡಗಿತು. ನಾನು ಕಾಫಿ ಕುಡಿದು ಮುಗಿಸಿದೆ.